ಸಿಂಹಳದಲ್ಲಿ ಮಾವನನ್ನು ತಳ್ಳಿದ್ದು

ಜಯನಗರ

ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳ ಬಗ್ಗೆ ಬರೆಯುತ್ತಾರೆ. ನಾನೂ ಸಿಂಹಳಕ್ಕೆ ಹೋಗಿ ಹನ್ನೆರಡು ದಿನ ಇದ್ದು ಬಂದೆ. ಆದರೆ ಅಲ್ಲಿ ನಾನು ಕಣ್ಣಿಟ್ಟು ನೋಡಿದ್ದು ನನ್ನ ಮಾವನನ್ನು ಮಾತ್ರ. ಈ ಬರಹದಲ್ಲಿ ಸಿಂಹಳಕ್ಕಿಂತ ಮಾವನೇ ಹೆಚ್ಚಾಗಿ ಕಾಣಿಸಿಕೊಂಡರೆ ಓದುವವರು ಮನ್ನಿಸಬೇಕು.

ಮಾವ ಎಂದರೆ ಶಾಮಣ್ಣನವರು. ನನ್ನ ತಾಯಿಯ ತಮ್ಮ, ಮೇಲಾಗಿ ನನಗೆ ಹೆಣ್ಣು ಕೊಟ್ಟವರು. ಹೀಗಾಗಿ ಹೆದರಿಕೆಯೂ ಎರಡು ಪಾಲು. ವಯಸ್ಸು ಐವತ್ತನಾಲ್ಕು. ಬಸವನಗುಡಿಯ ಹಳೆಯ ಮನೆ ಬಿಟ್ಟು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದಾಗ ಪಕ್ಕದ ಸೈಟನ್ನೂ ಕೊಂಡಿದ್ದರು. ಆಗ ನಮ್ಮ ಬ್ಲಾಕಿನಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆ ಖಾಲಿ ಜಾಗದಲ್ಲಿ ಮಾವ ಎರಡು ಸರ್ವೆ ಕಂಬ ನೆಡಿಸಿ, ಬಲೆ ಕಟ್ಟಿಸಿ, ಸುಣ್ಣದ ಗೆರೆ ಎಳೆಸಿದರು. ನಮ್ಮ ವಾಲಿಬಾಲ್ ಸಂಘ ಹುಟ್ಟಿದ್ದು ಹಾಗೆ.

ಸಂಘದ ಕೋಚು ನಾನು. ಹೊಟ್ಟೆಪಾಡಿಗೆ ಆಫೀಸಿನಲ್ಲಿ ಗುಮಾಸ್ತ. ಒಮ್ಮೆ ರಜಾ ಹಾಕಿ ವ್ಯಾಯಾಮ ಶಿಕ್ಷಣದ ಆರು ವಾರದ ತರಬೇತಿಗೆ ಹೋಗಿದ್ದೆ. ಅಲ್ಲದೆ ಇಡೀ ಬ್ಲಾಕಿನಲ್ಲಿ ಸೀಟಿ ಇದ್ದದ್ದು ನನ್ನೊಬ್ಬನ ಹತ್ತಿರ. ಬೇರೆ ಯೋಗ್ಯತೆಯನ್ನು ಯಾರೂ ಕೇಳಲಿಲ್ಲ.

ವಾಲಿಬಾಲಿನಲ್ಲಿ ಸರ್ವ್ ಮಾಡುವ ಸರದಿ ನಮ್ಮ ಕಡೆಗೆ ಬಂದಾಗಲೆಲ್ಲ ಆರು ಜನವೂ ಒಂದೊಂದು ಜಾಗ ಸುತ್ತಿ ಸರಿಯಬೇಕು. ಅದು ಆಟದ ಕಾನೂನು. ನಮ್ಮಲ್ಲಿ ಐದು ಜನ ಸರಿಯುತ್ತಿದ್ದರು. ಮಾವ ನಟ್ಟನಡುವೆ ನಿಂತಿರುತ್ತಿದ್ದರು, ಉಳಿದ ಐವರು ಅವರ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ಚೆಂಡು ಅವರ ಎರಡು ಮಾರು ಆಚೀಚೆ ಎಲ್ಲಿ ಬಂದರೂ ಮಿಕ್ಕವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಮದುವೆ ಮನೆಯಲ್ಲಿ ಹಿರಿಯರು ಬಂದಾಗ ಕುರ್ಚಿ ಬಿಡುವ ಹಾಗೆ. ಸುದ್ದಗುಂಟೆಪಾಳ್ಯದ ಮುನಿಯಪ್ಪನೂ ಹಾಗೆಯೇ ಮಾಡುತ್ತಿದ್ದ. ಮುನಿಯಪ್ಪ ಆರಡಿ ಆಳು, ಬೆಳಗ್ಗೆ ಅಪ್ಪನ ಜೊತೆ ಸೊಪ್ಪಿನ ಮಡಿಗೆ ನೀರು ಹಾಯಿಸಿ ಬಂದು ಸಂಜೆ ನಮ್ಮಲ್ಲಿ ಚೆಂಡು ಹೊಡೆಯುವವನು. ಅವನು ಮನಸ್ಸಿಟ್ಟು ಹೊಡೆದರೆ ಚೆಂಡು ನೆಲದಲ್ಲಿ ಗುಳಿ ಮಾಡುತ್ತಿತ್ತು. ಆದರೆ ಮಾವನನ್ನು ದಾಟಿ ಅವನವರೆಗೆ ಚೆಂಡು ಹೋಗುತ್ತಿದ್ದದ್ದು ಅಪರೂಪ.

ಇಷ್ಟಾದರೂ ನಾವು ಸೋಲುತ್ತಿರಲಿಲ್ಲ. ಸೈಟು ಮಾವನದು, ಬಲೆ ಮಾವನದು, ಆಟ ಮುಗಿದ ಮೇಲಿನ ಉಪ್ಪಿಟ್ಟು ಕಾಫಿ ಅತ್ತೆಯದು. ಬಸವನಗುಡಿಯಿಂದ ಬಂದ ತಂಡವಾಗಲಿ ಹೊಸಕೆರೆಹಳ್ಳಿಯಿಂದ ಬಂದ ತಂಡವಾಗಲಿ, ಉಪ್ಪಿಟ್ಟು ಕೊಡುವ ಮನೆಯ ಯಜಮಾನರ ಮೇಲೆ ಜೋರಾಗಿ ಚೆಂಡು ಹೊಡೆಯುವಷ್ಟು ಕೆಟ್ಟವರಾಗಿರಲಿಲ್ಲ. ಕೋಚಾದ ನನಗೆ ಇದು ಗೊತ್ತಿತ್ತು. “ಮಾವ, ಬೇರೆಯವರಿಗೂ ಒಂದೆರಡು ಚೆಂಡು ಬಿಡಿ” ಎಂಬ ಒಂದೇ ಒಂದು ಮಾತನ್ನು ಮೂರು ವರ್ಷ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಬಚ್ಚಲಿನಿಂದ ಹೊರಗೆ ಅದು ಬಂದಿರಲಿಲ್ಲ.

ಕ್ಯಾಂಡಿಯ ಸೋಮಪಾಲ ನನ್ನ ಜೊತೆ ತರಬೇತಿಯಲ್ಲಿದ್ದವನು. ಸಂಘ ಹುಟ್ಟುವ ಮೊದಲು ಒಂದು ವರ್ಷ ಮಾವನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ. ಕನ್ನಡ ಕಲಿತದ್ದು ಅತ್ತೆಯಿಂದ. ಹೀಗಾಗಿ ಅವನ ಕನ್ನಡ ನಲವತ್ತೈದು ವರ್ಷದ ಗೃಹಿಣಿಯ ಕನ್ನಡ, ಎರಡು ಮಾತಿಗೊಮ್ಮೆ “ನನ್ನ ಕರ್ಮ” ಅನ್ನುತ್ತಿದ್ದ. ಊರಿಗೆ ಹೋಗಿ ಶಾಲೆಯಲ್ಲಿ ಡ್ರಿಲ್ ಮೇಷ್ಟರಾದ ಮೇಲೆ ಒಂದು ಕಾಗದ ಬರೆದ: ನೀವೂ ನಿಮ್ಮ ತಂಡದವರೂ ಒಮ್ಮೆ ನಮ್ಮ ಊರಿಗೆ ಬರಬೇಕು. ಕಾಗದದ ಕೊನೆಯಲ್ಲಿ ಎಲ್ಲರೂ ಬರೆಯುವ ಮಾತು ಅದು. ಮಾವ ಮಾತ್ರ ಅಂದೇ ಟ್ರಂಕು ಕೆಳಗಿಳಿಸಿದರು. ಸೋಮಪಾಲ ಪಾಪ, ಮೂರು ಊರುಗಳಲ್ಲಿ ಆಟ ಏರ್ಪಾಡು ಮಾಡಬೇಕಾಯಿತು.

ಅತ್ತೆಗೆ ಆ ಸೈಟಿನಲ್ಲಿ ಎರಡು ಬಾಡಿಗೆ ಮನೆ ಎಬ್ಬಿಸುವ ಆಸೆ. ನಕ್ಷೆ ಬರೆಸಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಅಲ್ಲಿಯವರೆಗೆ ಕೋರ್ಟಿನ ಒಂದು ಮೂಲೆಯಲ್ಲಿ ಸಂಡಿಗೆ ಒಣಗಿಸಿ ತಮ್ಮ ಹಕ್ಕು ಉಳಿಸಿಕೊಂಡಿದ್ದರು.

“ಮನೆ ಕಟ್ಟೋ ಜಾಗದಲ್ಲಿ ಚೆಂಡು ಇಟ್ಕೊಂಡು ಕುಣೀತೀರಿ. ಈಗ ಆ ಕುಣಿತಾನ ಸಮುದ್ರ ಬೇರೆ ದಾಟಿಸ್ಬೇಕಾ?” ಅಂದರು.

“ಮೂರು ಆಟ ಇದೆ ಕಣೇ,” ಅಂದರು ಮಾವ. “ಒಂದಾದ್ರೂ ಗೆದ್ದು ಬರದೇ ಇದ್ರೆ ಬಂದ ಮಾರನೇ ದಿನ ಕಂಬ ಕೀಳಿಸ್ತೀನಿ. ನಿನ್ನ ಮನೆಗೆ ಗುದ್ದಲಿ ಪೂಜೆ ನಾನೇ ಮಾಡಿಸ್ತೀನಿ.”

“ಕಿಟ್ಟಿ, ನೀನು ಸಾಕ್ಷಿ,” ಅಂದರು ಅತ್ತೆ.

ನಾನು ಸಾಕ್ಷಿ ಮಾತ್ರ ಆಗಿರಲಿಲ್ಲ, ಗಂಟಲಿನವರೆಗೂ ಮುಳುಗಿದ್ದೆ. ಸೋತರೆ ಕೋರ್ಟು ಹೋಗುತ್ತದೆ. ಗೆಲ್ಲಬೇಕಾದರೆ ಮಾವನನ್ನು ತಡೆಯಬೇಕು. ತಡೆದರೆ ಮಾವನಿಗೆ ಸಿಟ್ಟು ಬಂದು ಕೋರ್ಟು ಹೋಗುತ್ತದೆ. ಆಫೀಸಿನಲ್ಲಿ ಬೈಸಿಕೊಂಡು ಬಂದ ದಿನವೂ ಸಂಜೆ ಆ ಸುಣ್ಣದ ಗೆರೆಯ ಪಕ್ಕ ಸೀಟಿ ಹಿಡಿದು ನಿಂತರೆ ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಅದು ಇಲ್ಲದಿದ್ದರೆ ನಾನು ಬರೀ ಗುಮಾಸ್ತ, ಬರೀ ಅಳಿಯ.

ಹಡಗು

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಆದರೆ ನಮ್ಮ ತಂಡದಲ್ಲಿ ಹೊಸಕೆರೆಹಳ್ಳಿಯ ಕೆರೆಗಿಂತ ದೊಡ್ಡ ನೀರು ಕಂಡವರು ಇರಲಿಲ್ಲ. ಹಡಗು ಹೊರಟ ಸ್ವಲ್ಪ ಹೊತ್ತಿಗೆಲ್ಲ ಮುನಿಯಪ್ಪ ಕಂಬ ತಬ್ಬಿ ಕುಳಿತ. ಟೈಪಿಸ್ಟ್ ರಂಗನಾಥ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರುಮಾಡಿದ, ನೂರು ನಾಮ ಮುಗಿಯುವ ಮೊದಲೇ ಕಟಕಟೆಗೆ ಓಡಿದ. ಉಳಿದ ಮೂವರೂ ಅವನ ಹಿಂದೆಯೇ ಹೋದರು. ನನ್ನ ವಿಷಯ ಬೇಡ.

ಮಾವ ಒಬ್ಬರೇ ನೆಟ್ಟಗೆ ನಿಂತು ಕೋಡುಬಳೆ ತಿನ್ನುತ್ತಿದ್ದರು.

“ನೋಡು ಕಿಟ್ಟಿ, ಹುಡುಗರಿಗೆ ಮೈಯಲ್ಲಿ ಕಸುವೇ ಇಲ್ಲ. ಕೋಚಾಗಿ ನೀನು ಏನು ಕಲಿಸಿದೀಯೋ.”

ತಲೈಮನ್ನಾರಿನ ಸುಂಕದ ಅಧಿಕಾರಿ ಮಾವನ ಟ್ರಂಕು ತೆಗೆಸಿದರು. ಮೇಲೆ ಕಾಫಿ ಫಿಲ್ಟರು, ಅದರ ಕೆಳಗೆ ಪುಡಿಯ ಡಬ್ಬಗಳ ಒಂದು ಸಂಸಾರ. ಅಧಿಕಾರಿ ಒಂದು ಡಬ್ಬ ತೆರೆದು ಹಳದಿ ಪುಡಿಯನ್ನು ಅನುಮಾನದಿಂದ ನೋಡಿದರು. ಅದು ಮೆಂತ್ಯದ ಹಿಟ್ಟು. ಮಾವ ಇಂಗ್ಲಿಷಿನಲ್ಲಿ ಅದರ ಗುಣ ವಿವರಿಸಿದರು, ಮೊಸರಿನಲ್ಲಿ ಕಲಸುವ ಕ್ರಮ ಹೇಳಿದರು, ಒಗ್ಗರಣೆಗೆ ಏನೇನು ಎಂದು ಹೇಳಿದರು. ಅಧಿಕಾರಿಗೆ ಅನುಮಾನ ಹೆಚ್ಚಾಯಿತು. ಎರಡನೇ ಡಬ್ಬಕ್ಕೆ ಮೂಗು ಇಟ್ಟರು. ಅದು ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಯದು. ಆಮೇಲೆ ಬಹಳ ಹೊತ್ತು ಸೀನಿದರು. ಮಾವ ತಮ್ಮ ಪಂಚೆಯ ತುದಿಯಿಂದಲೇ ಅವರಿಗೆ ಗಾಳಿ ಹಾಕಿದರು.

ಸೀನು ನಿಂತ ಮೇಲೆ ಅವರು ನಮ್ಮ ಕಾಗದಪತ್ರ ನೋಡಿ, “ತಾವು ಈ ತಂಡದ ಮ್ಯಾನೇಜರೋ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವ ಎದೆಯುಬ್ಬಿಸಿ ತಾನು ಆಟಗಾರ ಎಂದರು. ಅಧಿಕಾರಿ ಮಾವನ ಹೊಟ್ಟೆ ನೋಡಿ, ಬಿಳಿಚಿಕೊಂಡಿದ್ದ ಮುನಿಯಪ್ಪನ ಮುಖ ನೋಡಿ, ಇನ್ನೇನೂ ಕೇಳದೆ ಮುದ್ರೆ ಒತ್ತಿದರು.

ಕುರುನೇಗಲ

ಈ ದೇಶದ ಜನ ಕಂಡ ಕಂಡವರಿಗೆಲ್ಲ ಕೈಮುಗಿದು ಆಯುಷ್ಯ ಹಾರೈಸುತ್ತಾರೆ. ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಬೆಲ್ಲ ಕಡಿದು ಚಹಾ ಹೀರುತ್ತಾರೆ. ಮಾವ ಬೆಲ್ಲವನ್ನು ಲೋಟದೊಳಗೆ ಹಾಕಿ ಬೆರಳಿನಲ್ಲಿ ಕಲಕಿದರು. ನೋಡುತ್ತಿದ್ದವರು ನಗಲಿಲ್ಲ. ಎರಡನೇ ಲೋಟಕ್ಕೆ ಅವರಲ್ಲೂ ಇಬ್ಬರು ಹಾಗೆಯೇ ಮಾಡಿದರು, ಅತಿಥಿಗೆ ಮುಜುಗರ ಆಗಬಾರದೆಂದು. ಅಂಥ ಜನ.

ಆಟದ ಮೊದಲು ಅವರಲ್ಲಿ ಒಂದು ಪದ್ಧತಿ. ಆಡುವ ಹುಡುಗರು ಒಬ್ಬೊಬ್ಬರಾಗಿ ಬಂದು, ಅಲ್ಲಿರುವ ಹಿರಿಯರ ಕೈಗೆ ವೀಳ್ಯದೆಲೆಯ ಕಟ್ಟು ಕೊಟ್ಟು, ಮಂಡಿಯೂರಿ ಹಣೆ ನೆಲಕ್ಕೆ ತಾಗುವಂತೆ ಕಾಲಿಗೆ ಬೀಳುತ್ತಾರೆ. ಅಂದು ಅಲ್ಲಿ ಎಲ್ಲರಿಗಿಂತ ಹಿರಿಯರಾಗಿ ಕಂಡವರು ಮಾವ. ಎದುರು ತಂಡದ ಆರೂ ಜನ ಅವರ ಕಾಲಿಗೆ ಬಿದ್ದರು. ಮಾವನ ಮುಖ ಅರಳಿತು.

“ಸಂಸ್ಕಾರ ಅಂದ್ರೆ ಇದು ಕಿಟ್ಟಿ,” ಅಂದರು. ಕೈಯಲ್ಲಿದ್ದ ಆರು ಕಟ್ಟು ನೋಡಿ, “ಅಡಿಕೆ ಸುಣ್ಣ ಮರ್ತಿದಾರೆ, ಇರಲಿ,” ಅಂದರು.

ಆಟ ಶುರುವಾಯಿತು. ಸರ್ವ್ ನಮ್ಮ ಕಡೆಗೆ ಬಂತು. ನಮ್ಮ ಐವರು ಪ್ರದಕ್ಷಿಣೆ ಬಂದರು, ಮಾವ ನಡುವೆ ನಿಂತರು. ಅಂಪೈರ್ ಸೀಟಿ ಊದಿದರು. ಮಾವ ಸುತ್ತ ನೋಡಿ ಯಾರದೋ ತಪ್ಪಿರಬೇಕೆಂದು ತಲೆಯಾಡಿಸಿದರು. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಹಳ ಮರ್ಯಾದೆಯಿಂದ ಮಾವನ ಮೊಣಕೈ ಹಿಡಿದು, ಅವರನ್ನು ಒಂದು ಜಾಗ ಸರಿಸಿ ನಿಲ್ಲಿಸಿದರು. ನಮ್ಮ ಹುಡುಗರು ಹೌಹಾರಿದರು. ಮಾವ ಕೋರ್ಟಿನಲ್ಲಿ ಜಾಗ ಬಿಟ್ಟು ಕದಲಿದ್ದನ್ನು ಅವರು ನೋಡಿದ್ದು ಅದೇ ಮೊದಲು. ಯಾರು ಯಾರ ಪಕ್ಕ ಇರಬೇಕು ಎಂಬುದೇ ಯಾರಿಗೂ ತಿಳಿಯಲಿಲ್ಲ. ಒಂದು ಹಂತದಲ್ಲಿ ಮುನಿಯಪ್ಪ ಸುತ್ತುತ್ತಾ ಸುತ್ತುತ್ತಾ ಎದುರು ತಂಡದ ಕಡೆ ಹೋಗಿ ನಿಂತಿದ್ದ.

ಮಾವ ಬಲೆಯ ಹತ್ತಿರ ಬಂದಾಗ, ಗಳಿಗೆಯ ಹಿಂದೆ ಕಾಲಿಗೆ ಬಿದ್ದಿದ್ದ ಹುಡುಗನೇ ಹಾರಿ ಚೆಂಡನ್ನು ಅವರ ಭುಜಕ್ಕೆ ಬಾರಿಸಿದ. ಮಾವನಿಗೆ ನೋವಿಗಿಂತ ಆಶ್ಚರ್ಯ ಹೆಚ್ಚಾಯಿತು. ನಾವು ಸೋತೆವು. ಆಟ ಮುಗಿದ ಮೇಲೆ ಅದೇ ಹುಡುಗ ಬಂದು ಮತ್ತೆ ಕಾಲಿಗೆ ಬಿದ್ದ. ಮಾವ ಆಶೀರ್ವಾದ ಮಾಡಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು.

ಮಾತಲೆ

ಮಾತಲೆಯಲ್ಲಿ ನಾನು ಒಂದು ನಿರ್ಧಾರ ಮಾಡಿದೆ. ಆಟದ ದಿನ ಬೆಳಗ್ಗೆ ಮಾವ ನಾವು ಇಳಿದುಕೊಂಡಿದ್ದ ಶಾಲೆಯ ಜಗಲಿಯಲ್ಲಿ ಕುಳಿತು ಫಿಲ್ಟರಿಗೆ ಬಿಸಿನೀರು ಸುರಿಯುತ್ತಿದ್ದರು. ಒಳ್ಳೆಯ ಸಮಯ. ಹೋಗಿ ಎದುರಿಗೆ ನಿಂತೆ.

“ಮಾವ.”

“ಏನು?”

“ಆಟದಲ್ಲಿ...”

“ಆಟದಲ್ಲಿ ಏನು?”

“ಆಟದ ದಿನ ಕಾಫಿ ಕುಡಿದ್ರೆ ಒಳ್ಳೇದು.”

“ಅದಕ್ಕೇ ತಾನೇ ಮಾಡ್ತಿರೋದು,” ಅಂದು ನನಗೂ ಒಂದು ಲೋಟ ಕೊಟ್ಟರು.

ಆ ದಿನ ಸಂಜೆ ಮಾವ ಅಂಪೈರ್ ಹೇಳುವ ಮೊದಲೇ ಸರಿಯುತ್ತಿದ್ದರು, ಅಷ್ಟು ಬೇಗ ಕಲಿತಿದ್ದರು. ಆದರೆ ಅವರು ಸರಿದ ಕಡೆಯಲ್ಲೆಲ್ಲ ಅವರ ಎರಡು ಮಾರು ಸರಹದ್ದೂ ಸರಿಯಿತು. ಚೆಂಡು ಮಾವ ಮತ್ತು ರಂಗನಾಥನ ನಡುವೆ ಬಂದರೆ ರಂಗನಾಥ “ತಗೊಳ್ಳಿ ಸಾರ್” ಅನ್ನುತ್ತಿದ್ದ. ಮಾವ ಓಡುವಷ್ಟರಲ್ಲಿ ಚೆಂಡು ನೆಲ ಮುಟ್ಟಿರುತ್ತಿತ್ತು. ಒಂದೇ ಒಂದು ಸಲ ಮುನಿಯಪ್ಪ ಮರೆತು ಮಾವನ ಮುಂದೆ ಕೈಚಾಚಿ ಚೆಂಡು ಹೊಡೆದ. ಪಾಯಿಂಟು ಬಂತು. ಮಾವ ಅವನ ಕಡೆ ತಿರುಗಿ ನೋಡಿದರು, ಅಷ್ಟೇ.

“ತಪ್ಪಾಯ್ತು ಸ್ವಾಮಿ,” ಅಂದ ಮುನಿಯಪ್ಪ. ಅಂದು ಆಮೇಲೆ ಅವನು ಚೆಂಡು ಮುಟ್ಟಲಿಲ್ಲ.

ಎರಡನೇ ಆಟವೂ ಹೋಯಿತು. ಮಾವ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನನ್ನನ್ನು ಕರೆದರು. “ಹುಡುಗರಿಗೆ ಚುರುಕು ಸಾಲದು ಕಿಟ್ಟಿ. ಎಲ್ಲಾ ಚೆಂಡೂ ನನ್ನ ಮೇಲೇ ಬಿಟ್ರೆ ನಾನೊಬ್ಬ ಎಷ್ಟೂಂತ ಓಡ್ಲಿ? ನೀನು ಅವ್ರಿಗೆ ಏನೂ ಹೇಳಲ್ಲ. ನಿಂಗೆ ಹೇಳೋಕೆ ಬಾಯೇ ಇಲ್ಲ.”

ಕೊನೆಯ ಮಾತು ಪೂರ್ತಿ ನಿಜ. ಆದ್ದರಿಂದ ನಾನು ಏನೂ ಹೇಳಲಿಲ್ಲ.

ಕ್ಯಾಂಡಿಯ ಕೆರೆ

ಕ್ಯಾಂಡಿ ಊರಿನ ನಡುವೆ ಒಂದು ಕೆರೆ ಇದೆ. ಸುತ್ತ ಬೆಟ್ಟ, ದಡಕ್ಕೆ ಬಿಳಿಯ ಗೋಡೆ. ಹೊಸಕೆರೆಹಳ್ಳಿಯ ಕೆರೆಯಷ್ಟು ವಿಸ್ತಾರ ಇರಬಹುದು. ಆದರೆ ಇಲ್ಲಿ ಎಮ್ಮೆ ಇಳಿದಿಲ್ಲ, ಬಟ್ಟೆ ಒಗೆಯುವವರಿಲ್ಲ, ಹುಡುಗರು ದುಮುಕುತ್ತಿಲ್ಲ. ಅಷ್ಟು ನೀರು ಸುಮ್ಮನೆ ನಿಂತಿರುವುದನ್ನು ನೋಡಿ ಮುನಿಯಪ್ಪನಿಗೆ ಬೇಜಾರಾಯಿತು. “ಇಷ್ಟ್ ನೀರಿದ್ರೆ ನಮ್ಮಪ್ಪ ಎಷ್ಟು ಸೊಪ್ಪು ಬೆಳೀತಿದ್ನೋ,” ಅಂದ.

ಸಂಜೆ ಸೋಮಪಾಲನೂ ನಾನೂ ಆ ಗೋಡೆಯ ಮೇಲೆ ಕುಳಿತೆವು. ಮಾರನೆಯ ದಿನದ ಆಟ ಅವನ ತಂಡದ ಮೇಲೆಯೇ. ಎದುರಾಳಿ ಕೋಚುಗಳಿಬ್ಬರು ಹೀಗೆ ಕುಳಿತು ಮಾತಾಡಬಾರದು. ಆದರೆ ನಮ್ಮಿಬ್ಬರಿಗೂ ಕಷ್ಟ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

“ನನ್ನ ಹುಡುಗರು ಆರು ಜನವೂ ಒಂದೇ ಚೆಂಡಿಗೆ ಓಡ್ತಾರೆ ಕಿಟ್ಟಿ,” ಅಂದ ಸೋಮಪಾಲ. “ತಲೆಗೆ ತಲೆ ಡಿಕ್ಕಿ. ಹೋದ ವಾರ ಇಬ್ಬರಿಗೆ ಬೋರೆ ಎದ್ದಿತು. ಏನು ಮಾಡಲಿ, ನನ್ನ ಕರ್ಮ.”

“ನಿಂದು ಎಷ್ಟೋ ವಾಸಿ. ನನ್ನ ಹುಡುಗರು ಒಬ್ರೂ ಓಡಲ್ಲ.”

“ಅರ್ಧ ಅರ್ಧ ಬದಲಾಯಿಸಿಕೊಳ್ಳೋಣವಾ? ಮೂರು ಜನ ನೀನು ತಗೋ, ಮೂರು ಜನ ನಾನು.”

ಇಬ್ಬರೂ ನಕ್ಕೆವು. ಆಮೇಲೆ ನಗು ನಿಂತಿತು. ಆರು ವಾರದ ತರಬೇತಿಯಲ್ಲಿ ನಮಗೆ ಕೈ ಹೇಗೆ ಜೋಡಿಸಬೇಕು, ಮೊಣಕಾಲು ಎಷ್ಟು ಬಾಗಿಸಬೇಕು ಎಲ್ಲ ಹೇಳಿಕೊಟ್ಟಿದ್ದರು. ಅದನ್ನು ಯಾವ ಹುಡುಗನಿಗಾದರೂ ಆರು ತಿಂಗಳಲ್ಲಿ ಕಲಿಸಬಹುದು. ರಂಗನಾಥನ ಸರ್ವ್ ಮೊದಲು ಬಲೆಯನ್ನೇ ದಾಟುತ್ತಿರಲಿಲ್ಲ, ಈಗ ಗೆರೆಯ ಮೇಲೆ ಬೀಳುತ್ತದೆ. ಆದರೆ ಇಬ್ಬರ ನಡುವೆ ಬಂದ ಚೆಂಡು ಯಾರದು ಎಂಬುದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಆ ಒಂದು ಪಾಠಕ್ಕೆ ಬಂದರೆ ಇಬ್ಬರು ಕೋಚುಗಳೂ ಕಾಲು ಇಳಿಬಿಟ್ಟು ನೀರು ನೋಡುವವರೇ.

ಸೋಮಪಾಲನ ತಂಡದಲ್ಲಿ ಅವನ ಅಪ್ಪನೂ ಆಡುತ್ತಾರೆ. ಅರವತ್ತು ದಾಟಿದವರು. ನನಗೆ ಕೇಳದೆ ಇರಲಾಗಲಿಲ್ಲ.

“ನಿಮ್ಮಪ್ಪ ಅಡ್ಡ ಬಂದ್ರೆ ಹುಡುಗರು ಏನ್ಮಾಡ್ತಾರೆ?”

“ತಳ್ಳುತ್ತಾರೆ.”

“ನಿಮ್ಮಪ್ಪನ್ನ?”

“ಗೆರೆ ಒಳಗೆ ಅವರು ನಾಲ್ಕನೇ ನಂಬರು ಕಣಪ್ಪಾ. ಗೆರೆ ಆಚೆ ಬಂದ ಮೇಲೆ ಅಪ್ಪ. ಆವಾಗ ಹೋಗಿ ಕಾಲಿಗೆ ಬೀಳಬೇಕು. ಎರಡೂ ಮಾಡಬೇಕು.”

“ತಳ್ಳೋದೊಂದೇ ಮಾಡಿದ್ರೆ?”

“ಮನೆಯಲ್ಲಿ ಊಟ ಇಲ್ಲ,” ಅಂದ.

ಅವನ ಮಾತಿನ ಮೊದಲ ಅರ್ಧ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಮೂರನೆಯ ಆಟ

ಆ ಬೆಳಗ್ಗೆ ರಂಗನಾಥ ಹಾಸಿಗೆ ಬಿಟ್ಟು ಏಳಲಿಲ್ಲ. ಕ್ಯಾಂಡಿ ಸಂತೆಯಲ್ಲಿ ಮುಳ್ಳುಮುಳ್ಳಾದ ಕೆಂಪು ಹಣ್ಣು ಮಾರುತ್ತಾರೆ, ಒಳಗೆ ಬಿಳಿಯ ತೊಳೆ, ಬಲು ಸಿಹಿ. ಅದನ್ನು ಎಣಿಸದೆ ತಿಂದಿದ್ದ. ಹೊಟ್ಟೆ ಹಿಡಿದುಕೊಂಡು, “ಸಾರ್, ನಂಗೆ ಅಮ್ಮನ್ನ ನೋಡ್ಬೇಕು ಅನ್ನಿಸ್ತಿದೆ,” ಅಂದ. ಆರನೆಯವನಿಲ್ಲ.

“ನೀನೇ ಇಳಿ ಕಿಟ್ಟಿ,” ಅಂದರು ಮಾವ.

ಇಳಿದೆ. ಸೋಮಪಾಲನ ಹುಡುಗರು ವೀಳ್ಯದೆಲೆ ಹಿಡಿದು ಬಂದು ಮೊದಲು ತಮ್ಮ ತಂಡದ ಅಜ್ಜನ, ಅಂದರೆ ಸೋಮಪಾಲನ ಅಪ್ಪನ ಕಾಲಿಗೆ, ಆಮೇಲೆ ಮಾವನ ಕಾಲಿಗೆ ಬಿದ್ದರು. ಎರಡು ಆಟಗಳ ಅನುಭವವಿದ್ದ ಮಾವ ಈ ಸಲ ಎಲೆ ತೆಗೆದುಕೊಳ್ಳುತ್ತಾ ಒಬ್ಬೊಬ್ಬನ ತೋಳನ್ನೂ ಅಳೆದು ನೋಡಿದರು.

ಆ ಆಟವನ್ನು ನೋಡಿದ ಊರಿನವರು ಈಗಲೂ ಅದರ ಮಾತಾಡುತ್ತಿರಬಹುದು. ಒಂದು ಕಡೆ ಚೆಂಡು ಬಂದರೆ ಆರು ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇನ್ನೊಂದು ಕಡೆ ಚೆಂಡು ಬಂದರೆ ಐದು ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅಜ್ಜನನ್ನು ಅವರ ಹುಡುಗರು ಎರಡು ಸಲ ತಳ್ಳಿದರು. ಅಜ್ಜ ಒಂದು ಸಲ ಇಬ್ಬರನ್ನು ಒಟ್ಟಿಗೆ ತಳ್ಳಿದರು. ಮಾವ ಅದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಆಚೆಯ ಹುಡುಗರ ತಲೆಗೆ ತಲೆ ಡಿಕ್ಕಿ ಹೊಡೆದಷ್ಟೂ ನಮಗೆ ಪಾಯಿಂಟು ಬಂತು. ಮೊದಲ ಸೆಟ್ ಅವರದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ನಮಗೆ ಹದಿನಾಲ್ಕು, ಅವರಿಗೆ ಹದಿಮೂರು, ಸರ್ವ್ ನಮ್ಮದು. ಇನ್ನೊಂದು ಪಾಯಿಂಟು ಬಂದರೆ ಕಂಬ ಉಳಿಯುತ್ತದೆ.

ನಮ್ಮವನು ಸರ್ವ್ ಮಾಡಿದ. ಆಚೆ ಕಡೆ ಮೂರು ಜನ ಡಿಕ್ಕಿ ಹೊಡೆದು, ಅದರೊಳಗಿಂದ ಚೆಂಡು ಹೇಗೋ ಮೇಲೆದ್ದು, ನಿಧಾನವಾಗಿ, ಬಲು ನಿಧಾನವಾಗಿ ನಮ್ಮ ಕಡೆಗೆ ಬಂತು. ಅದು ಬರುತ್ತಿದ್ದದ್ದು ಮಾವನಿಗೂ ನನಗೂ ನಡುವೆ. ಮಾವ ಎರಡು ಕೈ ಮೇಲೆತ್ತಿ, ಆಕಾಶ ನೋಡುತ್ತಾ, “ನಂದು, ನಂದು” ಎನ್ನುತ್ತಾ ಹಿಂದೆ ಹಿಂದೆ ಬರುತ್ತಿದ್ದರು. ಬಿಸಿಲು ಅವರ ಕಣ್ಣಿಗೇ ಹೊಡೆಯುತ್ತಿತ್ತು. ಚೆಂಡು ಅವರ ಬೆನ್ನ ಹಿಂದೆ ಬೀಳುತ್ತದೆ ಎಂದು ನನಗೆ ಖಂಡಿತ ಗೊತ್ತಾಯಿತು. ನನ್ನ ಕಣ್ಣ ಮುಂದೆ ಬಂದದ್ದು ದೇವರ ಗೂಡಿನಲ್ಲಿದ್ದ ನಕ್ಷೆ. ಅದರಲ್ಲಿ ಬಚ್ಚಲುಮನೆ ಇದ್ದದ್ದು ಸರಿಯಾಗಿ ನಾನು ಸೀಟಿ ಹಿಡಿದು ನಿಲ್ಲುವ ಜಾಗದಲ್ಲಿ.

ಭುಜ ಕೊಟ್ಟು ತಳ್ಳಿದೆ. ಮೂರು ವರ್ಷ ಬಾಯಲ್ಲಿ ಬಾರದ್ದು ಭುಜದಲ್ಲಿ ಬಂತು.

ಮಾವ ಧೂಳಿನಲ್ಲಿ ಕುಕ್ಕರಿಸಿದರು. ನಾನು ಚೆಂಡನ್ನು ಎತ್ತಿದೆ. ಮುನಿಯಪ್ಪ ನೆಲದಲ್ಲಿ ಕುಳಿತಿದ್ದ ಮಾವನನ್ನು ನೋಡಿದ, ದಾರಿ ಬಿಡಬೇಕಾದವರು ಯಾರೂ ನಿಂತಿಲ್ಲ ಎಂದು ಅವನಿಗೆ ಅರ್ಥವಾಯಿತು. ಹಾರಿ ಹೊಡೆದ. ಮೂರು ವರ್ಷ ಬಿಟ್ಟುಕೊಟ್ಟ ಚೆಂಡುಗಳೆಲ್ಲ ಆ ಒಂದು ಹೊಡೆತದಲ್ಲಿದ್ದವು. ಆಚೆಯವರು ಅದನ್ನು ನೋಡಲೂ ಇಲ್ಲ.

ಗೆದ್ದೆವು. ನಾವು ಐದು ಜನ ತಬ್ಬಿಕೊಂಡು ಕುಣಿದೆವು. ಗದ್ದಲ ಕೇಳಿ ಹಾಸಿಗೆಯಿಂದೆದ್ದು, ಹೊಟ್ಟೆ ಹಿಡಿದುಕೊಂಡು ರಂಗನಾಥನೂ ಬಂದು ಕುಣಿದ. ಮಾವ ಕುಳಿತಲ್ಲೇ ಇದ್ದರು. ಅವರ ಕೈ ಹಿಡಿದು ಎಬ್ಬಿಸಿದ್ದು ಎದುರು ತಂಡದ ಅಜ್ಜ. ಆಮೇಲೆ ಸೋಮಪಾಲನ ಹುಡುಗರು ಸಾಲಾಗಿ ಬಂದು ಅಜ್ಜನ ಕಾಲಿಗೂ ಮಾವನ ಕಾಲಿಗೂ ಬಿದ್ದರು. ಮಾವ ಒಬ್ಬೊಬ್ಬನ ತಲೆ ಮುಟ್ಟುತ್ತಾ ಅವರ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದರು. ನಾನು ಹೋಗಬೇಕಿತ್ತು. ಕುಣಿತ ನಿಂತ ತಕ್ಷಣ ನನಗೆ ಭಯ ಹಿಡಿದಿತ್ತು. ಮುನಿಯಪ್ಪನ ಬೆನ್ನ ಹಿಂದೆ ನಿಂತುಬಿಟ್ಟೆ. ಮರೆಗೆ ಅಷ್ಟು ಅಗಲದ ಬೆನ್ನು ಬೇರೆ ಇರಲಿಲ್ಲ.

ವಾಪಸು

ಕ್ಯಾಂಡಿಯಿಂದ ಬೆಂಗಳೂರಿನವರೆಗೆ ಮಾವ ನನ್ನ ಜೊತೆ ಮಾತಾಡಲಿಲ್ಲ. ಮಾತು ಇದ್ದರೆ ಮುನಿಯಪ್ಪನ ಮೂಲಕ. ಅದೂ ಬಹುವಚನದಲ್ಲಿ.

“ಮುನಿಯಪ್ಪ, ಕೋಚ್ ಸಾಹೇಬ್ರಿಗೆ ಹೇಳಪ್ಪ, ಕಿಟಕಿ ಮುಚ್ಚಬೇಕು ಅಂತ.”

ನಾನು ಅವರ ಎದುರಿಗೇ ಕುಳಿತಿದ್ದೆ. ಮುನಿಯಪ್ಪ ನನ್ನ ಕಡೆ ತಿರುಗಿ, “ಕಿಟಕಿ ಮುಚ್ಚಬೇಕಂತೆ ಸ್ವಾಮಿ,” ಅನ್ನುತ್ತಿದ್ದ. ಹುಟ್ಟಿದಾಗಿನಿಂದ “ಲೋ ಕಿಟ್ಟಿ” ಅಂದ ಮನುಷ್ಯ ಸಾಹೇಬರು ಅಂದರೆ ಮೈಯೆಲ್ಲ ಉರಿಯುತ್ತದೆ. ಬೈದಿದ್ದರೆ ಸುಖವಾಗಿರುತ್ತಿತ್ತು. ಹಡಗಿನಲ್ಲಿ ಕೋಡುಬಳೆ ಎಲ್ಲರಿಗೂ ಕೊಟ್ಟು, ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮುನಿಯಪ್ಪನ ಕೈಗೆ ಕೊಟ್ಟರು. ಹೊಟ್ಟೆ ತೊಳಸುತ್ತಿದ್ದರೂ ಅದನ್ನು ತಿಂದೆ, ಅದು ರಾಜಿಯ ಗುರುತಾಗಿರಬಹುದೆಂದು. ಆಗಿರಲಿಲ್ಲ.

ಅವರ ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಸಿಟಿ ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು ಮನೆ ಸೇರಿದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಏನಾಯ್ತು?”

“ಗೆದ್ವಿ,” ಅಂದರು ಮಾವ.

“ಅಂದ್ರೆ ಕಂಬ?”

ಮಾವ ನನ್ನ ಕಡೆ ನೋಡಲಿಲ್ಲ. “ನಾಳೆ ಬೆಳಗ್ಗೆ ಗೊತ್ತಾಗುತ್ತೆ,” ಅಂದು ಒಳಗೆ ಹೋದರು.

ಮತ್ತೆ ಜಯನಗರ

ಬೆಳಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಸದ್ದು ಬರುತ್ತಿದ್ದದ್ದು ಸೈಟಿನ ಕಡೆಯಿಂದ. ಬನಿಯನ್ನಿನಲ್ಲೇ ಓಡಿದೆ. ಎರಡೂ ಕಂಬ ಕಿತ್ತು ನೆಲದ ಮೇಲೆ ಮಲಗಿಸಿದ್ದರು. ಗೆದ್ದೂ ಕಳೆದುಕೊಂಡೆ ಅನ್ನಿಸಿ ಅಲ್ಲೇ ಅಳು ಬಂತು. ಅದರಲ್ಲಿ ಮುಚ್ಚಿಡುವುದು ಏನಿಲ್ಲ.

ಆಮೇಲೆ ಕಂಡಿತು. ಮುನಿಯಪ್ಪ ಹಳೆಯ ಗುಂಡಿಗಳನ್ನೇ ಇನ್ನೂ ಆಳಕ್ಕೆ ತೋಡುತ್ತಿದ್ದ. ಪಕ್ಕದಲ್ಲಿ ಎರಡು ಬಾಂಡಲಿ ಗಾರೆ ಕಲಸಿಟ್ಟಿತ್ತು. ಅವನು ಕಂಬ ಎತ್ತಿ ನಿಲ್ಲಿಸಿದ, ಇನ್ನಿಬ್ಬರು ಸುತ್ತ ಗಾರೆ ಸುರಿದರು. ಅತ್ತೆ ಕಾಂಪೌಂಡಿನ ಆಚೆ ನಕ್ಷೆ ಹಿಡಿದು ನಿಂತು ನೋಡುತ್ತಿದ್ದರು.

ಮಾವ ಕೋರ್ಟಿನ ನಡುವೆ, ತಮ್ಮ ಹಳೆಯ ಜಾಗದಲ್ಲಿ ನಿಂತಿದ್ದರು. ಕೊರಳಲ್ಲಿ ನನ್ನ ಸೀಟಿ. ಕಾಲ ಬಳಿ ಬಿಚ್ಚಿದ ಗಂಟು. ಅದರಲ್ಲಿ ಕ್ಯಾಂಡಿಯ ವೀಳ್ಯದೆಲೆ, ಅರ್ಧಂಬರ್ಧ ಬಾಡಿದ್ದು.

“ಒಬ್ಬೊಬ್ಬರಾಗಿ ಬನ್ನಿ,” ಅಂದರು ಹುಡುಗರಿಗೆ. “ಎಲೆ ಕೊಡಿ, ಕಾಲಿಗೆ ಬೀಳಿ. ಆಮೇಲೆ ಎದ್ದು ನನ್ನ ತಳ್ಳಿ.”

ಯಾರೂ ಕದಲಲಿಲ್ಲ. ಮಾವ ಸೀಟಿ ಊದಿದರು. ರಂಗನಾಥ ಎಲೆ ಕೊಟ್ಟು, ಕಾಲಿಗೆ ಬಿದ್ದು, ಎದ್ದು, ಒಂದೇ ಬೆರಳಿನಲ್ಲಿ ಮಾವನ ತೋಳು ಮುಟ್ಟಿದ, ಟೈಪು ಹೊಡೆಯುವ ಹಾಗೆ.

“ಇದು ತಳ್ಳೋದಾ? ಇನ್ನೊಂದ್ಸಲ.”

ಮೂರನೆಯ ಸಲಕ್ಕೆ ಮಾವ ಅರ್ಧ ಹೆಜ್ಜೆ ಹಿಂದೆ ಹೋದರು. ಎಲ್ಲರದೂ ಆಯಿತು. ಮುನಿಯಪ್ಪ ಕಣ್ಣು ಮುಚ್ಚಿಕೊಂಡು ತಳ್ಳಿದ್ದಕ್ಕೆ ಮಾವ ಸಂಡಿಗೆಯ ಚಾಪೆಯವರೆಗೂ ಹೋಗಿ ನಿಂತರು. ಅತ್ತೆ, “ನನ್ನ ಸಂಡಿಗೆ ತುಳಿದ್ರೆ ನಾನೂ ಬಂದು ತಳ್ತೀನಿ,” ಅಂದರು.

ಕೊನೆಗೆ ನಾನು ಉಳಿದೆ. ನಾಲ್ಕು ದಿನದಲ್ಲಿ ಮೊದಲ ಸಲ ಮಾವ ನನ್ನ ಮುಖ ನೋಡಿದರು.

“ಬಾರೋ ಕಿಟ್ಟಿ.”

ಆ ಒಂದು “ಬಾರೋ” ಕೇಳಿ ನನಗೆ ಜೀವ ಬಂತು. ಹೋಗಿ ನಿಂತೆ.

“ನೀನು ತಳ್ಳಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ಚೆಂಡು ನಂಗೆ ಕಾಣ್ಲೇ ಇಲ್ಲ, ನೀನು ತಳ್ಳಿದ್ದೇ ಸರಿ. ಮೂರು ವರ್ಷದ ಹಿಂದೆಯೇ ತಳ್ಬೇಕಿತ್ತು. ಆದ್ರೆ ಆಟ ಮುಗಿದ ಮೇಲೆ ಆ ಊರಿನ ಹುಡುಗರೆಲ್ಲ ಬಂದ್ರು. ಗುರುತಿಲ್ಲ ಪರಿಚಯ ಇಲ್ಲ, ಬಂದು ಕಾಲಿಗೆ ಬಿದ್ರು. ನೀನು ಬಂದ್ಯಾ? ನಾನು ನೋಡ್ತಾ ನಿಂತಿದ್ದೆ.”

ಎಲೆ ಎತ್ತಿಕೊಂಡೆ.

“ನಿಂದು ತಳ್ಳೋದು ಆಗಿದೆ,” ಅಂದರು. “ನಮಸ್ಕಾರ ಮಾತ್ರ ಬಾಕಿ.”

ಉದ್ದಂಡ ಬಿದ್ದೆ. ಮಾವ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದರು, ಪೂರ್ತಿ ಮಾಡಿದರು, ಏನೂ ಉಳಿಸಿಕೊಳ್ಳಲಿಲ್ಲ. ನಾನು ಕಣ್ಣೊರೆಸಿಕೊಳ್ಳುತ್ತಾ ಏಳುತ್ತಿದ್ದಂತೆ ಭುಜ ಕೊಟ್ಟು ಒಂದು ತಳ್ಳು ತಳ್ಳಿದರು. ನಾನು ಹೋಗಿ ಬಿದ್ದದ್ದು ಆಗ ತಾನೇ ಗಾರೆ ಹಾಕಿದ್ದ ಕಂಬದ ಬುಡಕ್ಕೆ.

“ಈಗ ಸರಿಹೋಯ್ತು,” ಅಂದು ಮಾವ ಸೀಟಿ ಊದಿದರು. “ಎಲ್ಲಾ ಜಾಗಕ್ಕೆ ನಿಂತ್ಕೊಳ್ಳಿ. ನಾನು ಇವತ್ತಿಂದ ಗೆರೆ ಆಚೆ.”

ಆ ಕಂಬದ ಬುಡದಲ್ಲಿ ನನ್ನ ಬಲ ಅಂಗೈಯ ಗುರುತು ಹಾಗೆಯೇ ಉಳಿದಿದೆ. ಅತ್ತೆ ಸಂಡಿಗೆಯ ಚಾಪೆ ಗಾಳಿಗೆ ಹಾರದಂತೆ ಇಡುವ ಕಲ್ಲನ್ನು ಈಗ ಅದರೊಳಗೇ ಇಟ್ಟಿರುತ್ತಾರೆ.